ಟ್ರಾನ್ಸ್‌ಮಿಟರ್‌ಗೆ ದಾನಿಗಳಿದ್ದಾರೆ, ಸಂಬಳಕ್ಕೆ ಯಾರು?

ನವೆಂಬರ್ ಬಂತೆಂದರೆ ಚೆನ್ನೈನ ಕನ್ನಡಿಗರು ಸೇರುವ ಕಡೆಗಳಲ್ಲೆಲ್ಲ ಒಂದು ಬೇಡಿಕೆ ಕೇಳಿಬರುತ್ತದೆ: ‘ನಮಗೂ ಇಲ್ಲೊಂದು ಕನ್ನಡ ಎಫ್‌ಎಂ ಬೇಕು’. ಚಪ್ಪಾಳೆ ಬೀಳುತ್ತದೆ. ಯಾರಾದರೊಬ್ಬರು ಎದ್ದು, ಟ್ರಾನ್ಸ್‌ಮಿಟರ್‌ಗೆ ನನ್ನ ಕಡೆಯಿಂದ ಇಷ್ಟು ಎಂದು ಘೋಷಿಸುವುದೂ ಉಂಟು. ಪೆರುಂಗುಡಿಯ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ನನಗೆ ಆಗ ತಲೆಗೆ ಬರುವ ಪ್ರಶ್ನೆ ಬೇರೆ. ಹದಿಮೂರನೇ ತಿಂಗಳ ಸಂಬಳವನ್ನು ಯಾರು ಕೊಡುತ್ತಾರೆ?

ಇದು ಕುಹಕದ ಪ್ರಶ್ನೆಯಲ್ಲ. ಇದೇ ಊರಿನಲ್ಲಿ ನೂರು ವರ್ಷದ ಹಿಂದೆ ಇದಕ್ಕೆ ಉತ್ತರ ಸಿಗದೆ ಒಂದು ರೇಡಿಯೊ ನಿಂತುಹೋಗಿದೆ. ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಎಂಬುವರ ಮುಂದಾಳತ್ವದಲ್ಲಿ 1924ರ ಮೇ ತಿಂಗಳಲ್ಲಿ ಮದರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಹುಟ್ಟಿತು. ಅದೇ ವರ್ಷ ಜುಲೈ 31ರಂದು 40 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್‌ನಿಂದ ಪ್ರಸಾರ ಶುರುವಾಯಿತು. ಸರ್ಕಾರದ್ದೂ ಅಲ್ಲ, ವ್ಯಾಪಾರಿಯದೂ ಅಲ್ಲ, ಆಸಕ್ತರು ಕೂಡಿ ನಡೆಸಿದ ರೇಡಿಯೊ. ಮೂರು ವರ್ಷ ನಡೆದು 1927ರ ಅಕ್ಟೋಬರ್‌ನಲ್ಲಿ ಹಣವಿಲ್ಲದೆ ಮುಚ್ಚಿತು. ಉತ್ಸಾಹ ಬೇಕಾದಷ್ಟಿತ್ತು, ಯಂತ್ರವೂ ಕೆಟ್ಟಿರಲಿಲ್ಲ. ಆ ಯಂತ್ರವನ್ನು ಕ್ಲಬ್ಬಿನವರು ಮದರಾಸ್ ನಗರಸಭೆಗೆ ದಾನ ಕೊಟ್ಟರು. ನಗರಸಭೆ 1930ರ ಏಪ್ರಿಲ್ 1ರಿಂದ ಪ್ರಸಾರ ಮತ್ತೆ ಆರಂಭಿಸಿ, ಸಂಜೆಯ ಸಂಗೀತವನ್ನು ಮರೀನಾ ಕಡಲತೀರದಲ್ಲಿ ಧ್ವನಿವರ್ಧಕದ ಮೂಲಕ ಕೇಳಿಸಿತು. 1938ರಲ್ಲಿ ಆಲ್ ಇಂಡಿಯಾ ರೇಡಿಯೊದ ಮದರಾಸ್ ಕೇಂದ್ರ ಬರುವವರೆಗೂ ಅದು ನಡೆಯಿತು. ಕ್ಲಬ್ಬಿನ ಕೈಯಲ್ಲಿ ಆಗದ್ದು ನಗರಸಭೆಗೆ ಸಾಧ್ಯವಾದದ್ದಕ್ಕೆ ಕಾರಣ ಸರಳ. ಪ್ರತಿ ತಿಂಗಳ ಖರ್ಚಿಗೆ ಅದರ ಬಜೆಟ್ಟಿನಲ್ಲಿ ಜಾಗವಿತ್ತು.

ಲಾಭಕ್ಕಾಗಿ ಬಂದವರ ಗತಿಯೂ ಬೇರೆಯಾಗಲಿಲ್ಲ. 1927ರಲ್ಲಿ ಮುಂಬೈನಲ್ಲಿ ಆರಂಭವಾದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಕೇಳುಗರ ಲೈಸೆನ್ಸ್ ಶುಲ್ಕವನ್ನು ನೆಚ್ಚಿಕೊಂಡಿತ್ತು. ಲೈಸೆನ್ಸ್ ಪಡೆದವರ ಸಂಖ್ಯೆ ಎಂಟು ಸಾವಿರದ ಆಸುಪಾಸಿನಲ್ಲೇ ನಿಂತಿತು. 1930ರಲ್ಲಿ ಕಂಪನಿ ದಿವಾಳಿಯಾಯಿತು.

ನಮ್ಮ ಮೈಸೂರಿನ ಕಥೆ ಓದುಗರಿಗೆ ಗೊತ್ತೇ ಇದೆ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ಭಾಷಣಗಳಲ್ಲಿ ನಾವು ಹೇಳುವುದು ಇಷ್ಟನ್ನೇ. ಆ ಕೇಂದ್ರ ಉಳಿದದ್ದು ಹೇಗೆ ಎಂಬುದನ್ನು ಹೇಳುವುದಿಲ್ಲ. ಮೇಷ್ಟರು ಕೈಯಿಂದ ಹಣ ಹಾಕಿ ನಡೆಸಿದರು, ನಂತರ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸಂಸ್ಥಾನ ಕೈಹಿಡಿಯದಿದ್ದರೆ ಮದರಾಸ್ ಕ್ಲಬ್ಬಿನ ಪಾಡೇ ಅದರದೂ ಆಗುತ್ತಿತ್ತು ಎಂಬುದು ನನ್ನ ಅನುಮಾನ.

ಈಗಿನ ಕಾಲಕ್ಕೆ ಬರೋಣ. ಆಕಾಶತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ದೇಶದ ಮೊದಲ ಕ್ಯಾಂಪಸ್ ಸಮುದಾಯ ಬಾನುಲಿ ನನ್ನ ಕಚೇರಿಯಿಂದ ಹೆಚ್ಚು ದೂರವಿಲ್ಲ. ಗಿಂಡಿಯ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ, 90.4 ಮೆಗಾಹರ್ಟ್ಸ್, 2004ರ ಫೆಬ್ರುವರಿ 1ರಂದು ಆರಂಭವಾದದ್ದು. ಕರ್ನಾಟಕ ಅದಕ್ಕೂ ಮೊದಲೇ ದಾರಿ ಹುಡುಕಿತ್ತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಪರವಾನಗಿ ಸಿಗದ ದಿನಗಳಲ್ಲಿ ‘ನಮ್ಮ ಧ್ವನಿ’ ಟಿ.ವಿ. ಕೇಬಲ್ಲಿನ ಮೂಲಕವೇ ಮನೆಮನೆಗೆ ತಲುಪುತ್ತಿತ್ತು. ಅದರ ಹಿಂದೆ ಸ್ವಸಹಾಯ ಸಂಘದ ಹೆಂಗಸರಿದ್ದರು. ಮಂಗಳೂರಿನ ರೇಡಿಯೊ ಸಾರಂಗ್ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಮಾತಾಡುತ್ತದೆ. ಸರಗೂರಿನ ಜನಧ್ವನಿ ಕಾಡಂಚಿನ ಹಳ್ಳಿಗಳಿಗೆ ಕೇಳಿಸುತ್ತದೆ.

ಇವುಗಳ ಟ್ರಾನ್ಸ್‌ಮಿಟರಿನ ಶಕ್ತಿ ಸಾಮಾನ್ಯವಾಗಿ 100 ವಾಟ್ ಮೀರುವಂತಿಲ್ಲ. ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ದನಿ ಮಸುಕಾಗುತ್ತದೆ. ಆದಾಯವೂ ಆ ವೃತ್ತದೊಳಗೇ ಹುಟ್ಟಬೇಕು. ಗಂಟೆಗೆ ಐದು ನಿಮಿಷ, ನಂತರ ಏಳು ನಿಮಿಷ ಇದ್ದ ಜಾಹೀರಾತಿನ ಮಿತಿಯನ್ನು 2024ರ ಪರಿಷ್ಕೃತ ಮಾರ್ಗಸೂಚಿ 12 ನಿಮಿಷಕ್ಕೆ ಏರಿಸಿದೆ. ಹತ್ತು ಸೆಕೆಂಡಿಗೆ 52 ರೂಪಾಯಿ ಇದ್ದ ಸರ್ಕಾರಿ ದರ 74 ಆಗಿದೆ. ಈ ಮಾರ್ಗಸೂಚಿ ಬಿಡುಗಡೆಯಾದದ್ದು ಇದೇ ಅಣ್ಣಾ ವಿಶ್ವವಿದ್ಯಾಲಯದ ಸಮ್ಮೇಳನದಲ್ಲಿ.

ಕ್ಯಾಲ್ಕುಲೇಟರ್ ಹಿಡಿದರೆ ಸಂತೋಷವಾಗುತ್ತದೆ. 12 ನಿಮಿಷವೆಂದರೆ ಹತ್ತು ಸೆಕೆಂಡಿನ 72 ಜಾಹೀರಾತು. ಗಂಟೆಗೆ 5,328 ರೂಪಾಯಿ. ದಿನಕ್ಕೆ ಎಂಟು ಗಂಟೆ ಪ್ರಸಾರವೆಂದರೆ 42 ಸಾವಿರ ದಾಟುತ್ತದೆ, ತಿಂಗಳಿಗೆ ಹನ್ನೆರಡು ಲಕ್ಷಕ್ಕೂ ಮಿಗಿಲು! ಆದರೆ ಸರ್ಕಾರಿ ಜಾಹೀರಾತು ಗಂಟೆಗೆ 72 ಬರುವುದು ಕಾಗದದ ಮೇಲೆ ಮಾತ್ರ. ಮಿಕ್ಕದ್ದನ್ನು ಆ ಹದಿನೈದು ಕಿಲೋಮೀಟರಿನ ಗೊಬ್ಬರದಂಗಡಿ, ಬಟ್ಟೆಯಂಗಡಿ, ಕೋಚಿಂಗ್ ಸೆಂಟರ್‌ಗಳಿಂದ ತರಬೇಕು. ಅವರಿಗೂ ವಾಟ್ಸ್‌ಆ್ಯಪ್ ಸ್ಟೇಟಸ್ ಪುಕ್ಕಟೆ. ಪ್ರಾಯೋಜಿತ ಕಾರ್ಯಕ್ರಮಗಳಿಗೂ ನಿರ್ಬಂಧವಿದೆ. ಸ್ವಂತ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು ಅಷ್ಟೆ. ಊರಿನವರು ದಿನಾ ಕಿವಿಗೊಡಬಹುದಾದ ಸರಕನ್ನೇ ಕಿತ್ತುಕೊಂಡು, ಹೋಗಿ ಜಾಹೀರಾತು ತನ್ನಿ ಎಂದರೆ ಹೇಗೆ? ಮಿತಿಯನ್ನು ಹನ್ನೆರಡರಿಂದ ಇಪ್ಪತ್ತು ನಿಮಿಷಕ್ಕೇರಿಸಿದರೂ ಈ ಕೇಂದ್ರಗಳ ಹಣೆಬರಹ ಬದಲಾಗದು. ತುಂಬದ ಕೊಡವನ್ನು ಇನ್ನೂ ದೊಡ್ಡದು ಮಾಡಿದ ಹಾಗೆ.

ಖರ್ಚಿನ ಕಡೆ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ನನ್ನದೇ ಒಂದು ಅಂದಾಜು ಕೊಡುತ್ತೇನೆ. ಐದು ಜನ, ತಲಾ 15 ಸಾವಿರ. ವಿದ್ಯುತ್, ಇಂಟರ್‌ನೆಟ್, ರಿಪೇರಿ, ಹಳ್ಳಿ ತಿರುಗಲು ಪೆಟ್ರೋಲು ಸೇರಿ 25 ಸಾವಿರ. ತಿಂಗಳಿಗೆ ಒಂದು ಲಕ್ಷ. ಇದರಲ್ಲಿ ಮುಕ್ಕಾಲು ಪಾಲು ಸಂಬಳ. ರೇಡಿಯೊ ಎಂದರೆ ಮನುಷ್ಯರು. ಕಾರ್ಯಕ್ರಮ ಮಾಡಲು ಯಾರಾದರೂ ಹೋಗಿ ಯಾರದಾದರೂ ಮನೆ ಜಗಲಿಯಲ್ಲಿ ಕೂರಬೇಕು. ಆದರೆ ಹಣ ಬರುವುದು ಯಂತ್ರಕ್ಕೆ. ಕೇಂದ್ರದ ಸಹಾಯಧನ ಯೋಜನೆಯ ಒತ್ತು ಉಪಕರಣದ ಮೇಲೆ, ದಾನಿಗಳ ಕಣ್ಣು ಸ್ಟುಡಿಯೊ ಕಟ್ಟಡದ ಮೇಲೆ. ಸಿಎಸ್‌ಆರ್ ವಿಭಾಗದ ಗೆಳೆಯರೊಬ್ಬರು ಒಮ್ಮೆ ನನ್ನ ಹತ್ತಿರ ನೇರವಾಗಿಯೇ ಹೇಳಿದರು: ‘ಮೈಕ್ ಕೊಡಿಸಿದ್ರೆ ಫೋಟೊ ತೆಗೀಬಹುದು ಸರ್. ಸಂಬಳ ಕೊಟ್ರೆ ಏನ್ ಫೋಟೊ ತೆಗೀತೀರಿ?’

ಅವರು ಹೇಳಿದ ಇನ್ನೊಂದು ಕಾರಣ ಮಾತ್ರ ನಿಜವಲ್ಲ. ಬಹಳಷ್ಟು ಕಂಪನಿಗಳಲ್ಲಿ ಅದು ಕಾನೂನಿನ ಹಾಗೆಯೇ ಚಾಲ್ತಿಯಲ್ಲಿದೆ. ‘ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ 5 ಮೀರಬಾರದು, ಆದ್ದರಿಂದ ಸಂಬಳ ಕೊಡಲಾಗದು’ ಎಂಬ ಮಾತು ಅದು. 2021ರಲ್ಲಿ ತಿದ್ದುಪಡಿಯಾದ ನಿಯಮವನ್ನು ತೆರೆದು ನೋಡಿ. ಶೇ 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ. ಯೋಜನೆಯೊಂದನ್ನು ಜಾರಿಮಾಡಲು ನೇರವಾಗಿ ತಗಲುವ ಖರ್ಚು ಆ ಲೆಕ್ಕದಿಂದ ಹೊರಗೆ. ಬಾನುಲಿ ಕೇಂದ್ರದಲ್ಲಿ ಕಾರ್ಯಕ್ರಮ ಮಾಡುವ ಹುಡುಗಿಯ ಸಂಬಳ ಆಡಳಿತ ವೆಚ್ಚವಲ್ಲ. ಆಕೆಯೇ ಯೋಜನೆ. ಅಷ್ಟೇ ಅಲ್ಲ, ಆರಂಭದ ವರ್ಷದ ನಂತರ ಮೂರು ವರ್ಷದವರೆಗೆ ಮುಂದುವರಿಯುವ ‘ಚಾಲ್ತಿ ಯೋಜನೆ’ಗೂ ಅದೇ ನಿಯಮದಲ್ಲಿ ಅವಕಾಶವಿದೆ. ಓಎಂಆರ್ ಉದ್ದಕ್ಕೂ ಪೆರುಂಗುಡಿಯಿಂದ ಸಿರುಸೇರಿವರೆಗೆ ಎಷ್ಟು ಕಂಪನಿಗಳಲ್ಲಿ ನಮ್ಮವರು ಫೈನಾನ್ಸ್ ಹುದ್ದೆಗಳಲ್ಲಿದ್ದಾರೆ! ಮುಂದಿನ ಸಿಎಸ್‌ಆರ್ ಸಭೆಯಲ್ಲಿ ಈ ಒಂದು ವಾಕ್ಯವನ್ನು ಓದಿ ಹೇಳಿದರೆ ಸಾಕು. ಅದಕ್ಕೆ ಖರ್ಚಿಲ್ಲ.

ಸರ್ಕಾರವನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ. 2012ರಲ್ಲಿ ಸಮುದಾಯ ಬಾನುಲಿಗಳು ತರಂಗಾಂತರಕ್ಕೆ ಕಟ್ಟಬೇಕಾದ ವಾರ್ಷಿಕ ಶುಲ್ಕವನ್ನು 19,700 ರೂಪಾಯಿಯಿಂದ ಒಮ್ಮೆಗೇ 91,000ಕ್ಕೆ ಏರಿಸಲಾಯಿತು. ಕೇಂದ್ರಗಳು ಮೌನ ಪ್ರಸಾರದ ಪ್ರತಿಭಟನೆ ಮಾಡಿದ ಮೇಲೆ ಸರ್ಕಾರ ಹಿಂದೆ ಸರಿಯಿತು. ದೊಡ್ಡ ಉದಾಹರಣೆ ಅಮೆರಿಕದ್ದು. ಅಲ್ಲಿ ಸಾರ್ವಜನಿಕ ರೇಡಿಯೊ ಕೇಂದ್ರಗಳಿಗೆ ಹಣ ಹಂಚುತ್ತಿದ್ದ ಕಾರ್ಪೊರೇಷನ್ ಫಾರ್ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್‌ನ ಎರಡು ವರ್ಷದ ಸುಮಾರು 110 ಕೋಟಿ ಡಾಲರ್ ಅನುದಾನವನ್ನು ಸಂಸತ್ತು 2025ರ ಜುಲೈನಲ್ಲಿ ವಾಪಸ್ ಪಡೆಯಿತು. ಆಗಸ್ಟ್‌ನಲ್ಲಿ ಸಂಸ್ಥೆ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಎಲ್ಲರಿಗೂ ಹೆಸರು ಗೊತ್ತಿರುವ ಎನ್‌ಪಿಆರ್‌ಗೆ ನೇರವಾಗಿ ಬರುತ್ತಿದ್ದ ಸರ್ಕಾರಿ ಹಣ ಅದರ ಆದಾಯದ ಶೇ 1ರಷ್ಟು. ಪೆಟ್ಟು ಬಿದ್ದದ್ದು ಹಳ್ಳಿಗಾಡಿನ, ಮೂಲನಿವಾಸಿಗಳ ಸಣ್ಣ ಕೇಂದ್ರಗಳಿಗೆ. ಅವುಗಳಲ್ಲಿ ಕೆಲವು ಆದಾಯದ ಅರ್ಧಕ್ಕಿಂತ ಹೆಚ್ಚನ್ನು ಅಲ್ಲಿಂದಲೇ ಪಡೆಯುತ್ತಿದ್ದವು. ತಡೆದುಕೊಳ್ಳುವ ಶಕ್ತಿ ಉಳಿದದ್ದು ತಿಂಗಳಿಗೆ ಹತ್ತೋ ಇಪ್ಪತ್ತೋ ಡಾಲರ್ ಕೊಡುವ ಸದಸ್ಯರನ್ನು ದಶಕಗಳಿಂದ ಕಟ್ಟಿಕೊಂಡು ಬಂದ ಕೇಂದ್ರಗಳಿಗೆ. ಅಲ್ಲಿರುವ ನಮ್ಮವರಲ್ಲೂ ಅಂಥ ಸದಸ್ಯರಿದ್ದಾರೆ. ತಮ್ಮ ಹುಟ್ಟೂರಿನ ಬಾನುಲಿಗೆ ಹೀಗೆ ಕೊಡಬಹುದೆಂಬ ಯೋಚನೆ ಅವರಿಗೆ ಬಂದಂತಿಲ್ಲ, ಯಾರೂ ಕೇಳಿಲ್ಲ ಕೂಡ.

‘ಮೊಬೈಲ್ ಇರುವಾಗ ರೇಡಿಯೊ ಯಾಕೆ’ ಎಂಬುದು ಇಲ್ಲಿ ಏಳುವ ಸಹಜ ಆಕ್ಷೇಪ. ಹಾಡು, ಹರಟೆಗೆ ಬೇಕಿಲ್ಲ, ಒಪ್ಪುತ್ತೇನೆ. ಧಾರವಾಡವನ್ನೋ ಮೈಸೂರನ್ನೋ ಕೇಳಬೇಕೆನಿಸಿದರೆ ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಪೆರುಂಗುಡಿಯಲ್ಲಿ ಕೂತೇ ಕೇಳಬಹುದು; ನಾನು ಕೇಳುತ್ತೇನೆ. ಆದರೆ 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತವನ್ನು ನೆನಪಿಸಿಕೊಳ್ಳಿ. ಪಳ್ಳಿಕರಣೈ ಜೌಗಿನ ನೀರು ಮೇಲೆ ಬಂದು ಪೆರುಂಗುಡಿ, ವೇಳಚೇರಿ ಬೀದಿಗಳು ಕೆರೆಯಾದವು. ಕರೆಂಟು ಹೋಯಿತು, ಟವರ್‌ಗಳು ಸುಮ್ಮನಾದವು. ಯಾವ ರಸ್ತೆಯಲ್ಲಿ ದೋಣಿ ಬರುತ್ತಿದೆ, ಹಾಲು ಎಲ್ಲಿ ಸಿಗುತ್ತದೆ ಎಂಬುದು ಪಕ್ಕದ ಬೀದಿಯವರಿಗೆ ಗೊತ್ತಿರಲಿಲ್ಲ. ಸೆಲ್ ಹಾಕಿದ ಪುಟ್ಟ ರೇಡಿಯೊಗೆ ಟವರ್ ಬೇಕಿಲ್ಲ. ವಿಪತ್ತು, ಹವಾಮಾನ, ನೀರು, ವಿದ್ಯುತ್ತಿನ ಮಾಹಿತಿಯನ್ನು ಸಮುದಾಯ ಬಾನುಲಿ ಹೇಳಬಹುದು, ಅದು ‘ಸುದ್ದಿ’ಯ ನಿಷೇಧದೊಳಗೆ ಬರುವುದಿಲ್ಲ. ಪಾಂಬನ್ ದ್ವೀಪದಲ್ಲಿ ಮೀನುಗಾರರಿಗಾಗಿ 2016ರಿಂದ ನಡೆಯುತ್ತಿರುವ ಕಡಲ್ ಓಸೈ ಕಡಲಿಗಿಳಿಯುವವರ ಭಾಷೆಯಲ್ಲೇ ಮಾತಾಡುತ್ತದೆ. ಕೊಡಗಿನ, ಉತ್ತರ ಕನ್ನಡದ, ಭೀಮಾ ತೀರದ ಹಳ್ಳಿಗಳಲ್ಲಿ ನಮ್ಮ ಅಪ್ಪ ಅಮ್ಮಂದಿರು ಇಬ್ಬರೇ ಇದ್ದಾರೆ. ಮಳೆಗಾಲದ ಒಂದು ರಾತ್ರಿ ಅವರ ಫೋನ್ ಸಿಗದೆ ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಚೆನ್ನೈನಲ್ಲಿ ಕನ್ನಡ ಎಫ್‌ಎಂ ಎಂಬ ಬೇಡಿಕೆಯನ್ನು ಸದ್ಯಕ್ಕೆ ಬದಿಗಿಡೋಣ ಎನ್ನುವವನು ನಾನು. ಸಮುದಾಯ ಬಾನುಲಿಯ ನಿಯಮವೇ ಸುತ್ತಲಿನ ಜನರ ನುಡಿಯನ್ನು, ಅವರ ಬೇಕುಬೇಡಗಳನ್ನು ಕೇಳುತ್ತದೆ. ಪೆರುಂಗುಡಿಯ ಸುತ್ತ ಹದಿನೈದು ಕಿಲೋಮೀಟರ್‌ನಲ್ಲಿ ಚದುರಿಹೋಗಿರುವ ನಮಗಿಂತ, ಇಲ್ಲಿನ ತಮಿಳು ಮೀನುಗಾರರಿಗೆ, ಕಟ್ಟಡ ಕೆಲಸದವರಿಗೆ ಆ ತರಂಗಾಂತರದ ಅಗತ್ಯ ಹೆಚ್ಚಿದೆ. ನಮ್ಮ ಹಣ ಹೋಗಬೇಕಾದದ್ದು ಊರಿನ ಕಡೆಗೆ, ಅದೂ ತಿಂಗಳು ತಿಂಗಳು.

ಇನ್ನೂರು ಜನ ತಿಂಗಳಿಗೆ ಐನೂರು ರೂಪಾಯಿಯಂತೆ ಕೊಟ್ಟರೆ ಮೇಲೆ ಹೇಳಿದ ಒಂದು ಲಕ್ಷ ಆಯಿತು. ಒಂದು ತಾಲ್ಲೂಕಿನಿಂದ ಹೊರಗೆ ಹೋಗಿ ದುಡಿಯುತ್ತಿರುವವರಲ್ಲಿ ಇನ್ನೂರು ಜನ ಸಿಗುವುದಿಲ್ಲವೇ? ಬ್ಯಾಂಕಿಗೆ ಒಮ್ಮೆ ಸೂಚನೆ ಕೊಟ್ಟರೆ ಮುಗಿಯಿತು, ಯಾರೂ ರಸೀದಿ ಪುಸ್ತಕ ಹಿಡಿದು ಬರಬೇಕಾಗಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಐನೂರು ರೂಪಾಯಿಗೆ ವಿನಾಯಿತಿ ಲೆಕ್ಕ ಹಾಕುವವರು ಕೊಡುವುದೂ ಇಲ್ಲ. ದುಬೈ, ಲಂಡನ್‌ನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಪಾಸ್‌ಪೋರ್ಟ್ ಬದಲಾಯಿಸಿದವರ ಹಣಕ್ಕೆ ಮಾತ್ರ ಎಫ್‌ಸಿಆರ್‌ಎ ನಿಯಮ ಅನ್ವಯಿಸುತ್ತದೆ.

ಕೊಡುವವರು ಕೇಳಲೂಬೇಕು. ಕೇಂದ್ರದವರು ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಕಳಿಸಲಿ: ಬಂದದ್ದೆಷ್ಟು, ಸಂಬಳಕ್ಕೆ ಹೋದದ್ದೆಷ್ಟು, ಬರಬೇಕಾದ ಸರ್ಕಾರಿ ಜಾಹೀರಾತಿನ ಬಾಕಿ ಎಷ್ಟು. ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಹೊಸ ಮಾರ್ಗಸೂಚಿ ಹೇಳುತ್ತದೆ. ಇದ್ದಾರೆಯೇ, ಸಭೆ ಕೂಡಿದೆಯೇ? ಇಷ್ಟು ಕೇಳಿದರೆ ಬೇಸರಪಟ್ಟುಕೊಳ್ಳುವ ಸಂಸ್ಥೆಗೆ ಹಣ ಕೊಡಬೇಡಿ. ಹಾಗೆಯೇ, ಕಾರ್ಯಕ್ರಮದಲ್ಲಿ ನಮ್ಮ ಹೆಸರು ಹೇಳಿ, ನಮ್ಮ ಮಗಳ ಭರತನಾಟ್ಯದ ಸಂದರ್ಶನ ಹಾಕಿ ಎಂದು ಕೇಳುವ ದಾನಿಯ ಹಣವನ್ನು ಕೇಂದ್ರದವರೂ ವಾಪಸ್ ಕಳಿಸಲಿ.

ಈ ಸಲದ ನವೆಂಬರ್ ಸಭೆಗೆ ನಾನು ಒಂದು ಪುಟದ ಪಟ್ಟಿ ತೆಗೆದುಕೊಂಡು ಹೋಗುತ್ತೇನೆ. ಎಡಗಡೆ ಕರ್ನಾಟಕದಲ್ಲಿ ಈಗ ಪ್ರಸಾರದಲ್ಲಿರುವ ಸಮುದಾಯ ಬಾನುಲಿಗಳ ಹೆಸರು, ಬಲಗಡೆ ಖಾಲಿ ಜಾಗ. ನಿಮ್ಮ ಊರಿನ ಎದುರು ಹೆಸರು ಬರೆದು, ತಿಂಗಳ ಮೊತ್ತ ಬರೆಯಿರಿ. ಟ್ರಾನ್ಸ್‌ಮಿಟರ್ ಎಂದು ಯಾರಾದರೂ ಬರೆದರೆ ಹೊಡೆದುಹಾಕುತ್ತೇನೆ.