ಬೋರಿಗಿಂತ ಮೊದಲು ಬದು

ಹುನಗುಂದ, ಬಾದಾಮಿ ಕಡೆಯಿಂದ ಮಂಗಳೂರು, ಗೋವಾಗಳಿಗೆ ಕಟ್ಟಡದ ಕೆಲಸಕ್ಕೆ ಹೋದವರು ಏಳೆಂಟು ವರ್ಷ ದುಡಿದು ಊರಿಗೆ ಮರಳಿದಾಗ ಮೊದಲು ನೆನಪಾಗುವುದು ಹೊಲ. ಅಪ್ಪನ ಪಾಲಿನಿಂದ ಬಂದ ಎರಡೋ ಮೂರೋ ಎಕರೆ ಇರುತ್ತದೆ, ಇಲ್ಲದವರು ಕೊಳ್ಳುತ್ತಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಭೂಮಿ ಕಳೆದುಕೊಂಡ ಬಾಗಲಕೋಟೆ ಸುತ್ತಲಿನವರಲ್ಲೂ ಪರಿಹಾರದ ಹಣದಿಂದ ಬೇರೆಡೆ ತುಂಡು ಹೊಲ ಹಿಡಿದವರಿದ್ದಾರೆ. ಹೀಗೆ ಹೊಸದಾಗಿ ಒಕ್ಕಲುತನಕ್ಕೆ ಇಳಿದವರು ಬಹಳ ಸಲ ಮೊದಲು ಮಾಡುವ ಕೆಲಸವೆಂದರೆ ಬೋರ್‌ವೆಲ್ ಲಾರಿಗೆ ಮುಂಗಡ ಕೊಡುವುದು. ವರ್ಷಗಳ ಗಳಿಕೆ ಒಂದೇ ರಾತ್ರಿ ಧೂಳಾಗಿ ಮೇಲೆದ್ದು ಹೋದ ಮನೆಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಹತ್ತಿರ ಹತ್ತಿರ 2 ಲಕ್ಷ ಲೀಟರು. ಐದು ಸಾವಿರ ಲೀಟರಿನ ಟ್ಯಾಂಕರುಗಳಾದರೆ 40. ಮಳೆ ಕಡಿಮೆಯೆಂದು ಹೆಸರಾದ ಈ ಜಿಲ್ಲೆಯಲ್ಲೂ ಅಂಥ ದೊಡ್ಡ ಮಳೆ ಆಗೊಮ್ಮೆ ಈಗೊಮ್ಮೆ ಬಂದೇ ಬರುತ್ತದೆ. ಬಂದದ್ದು ನಿಲ್ಲದೆ, ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ.

ಆದ್ದರಿಂದ ಹೊಸ ರೈತ ಕಲಿಯಬೇಕಾದ ಮೊದಲ ಪಾಠ ಮಳೆ ಬರುವಾಗಿನದು. ತಲೆಗೆ ಗೋಣಿ ಹಾಕಿಕೊಂಡು, ಕೈಯಲ್ಲಿ ಸಲಿಕೆ ಹಿಡಿದು ಹೊಲ ಸುತ್ತಬೇಕು. ನೀರು ಎಲ್ಲಿ ಕೂಡುತ್ತದೆ, ಯಾವ ಮೂಲೆಯಲ್ಲಿ ಹೊರಬೀಳುತ್ತದೆ, ಅದರ ಬಣ್ಣ ಎಂಥದು? ಇಷ್ಟು ತಿಳಿದ ಮೇಲೆ ಇಳಿಜಾರಿಗೆ ಅಡ್ಡವಾಗಿ ಬದು. ಬರೀ ಬದು ಸಾಲದು. ಎರೆ ಮಣ್ಣು ನೀರನ್ನು ನಿಧಾನವಾಗಿ ಕುಡಿಯುತ್ತದೆ. ದೊಡ್ಡ ಮಳೆಯಲ್ಲಿ ನಿಂತ ನೀರು ಬದುವನ್ನೇ ಒಡೆಯುತ್ತದೆ. ಹೆಚ್ಚಾದ ನೀರು ಮಣ್ಣು ಬಿಟ್ಟು ಹೋಗಲು ಕಲ್ಲು ಜೋಡಿಸಿದ ಕೋಡಿ ಬೇಕು. ಹೂಳು ತುಂಬಿ ಹೊಲ ಏರಿದಂತೆ ಕೋಡಿಯನ್ನೂ ಒಂದೊಂದು ಕಲ್ಲಿನಷ್ಟು ಏರಿಸುತ್ತ ಹೋಗಬೇಕು. ಹುನಗುಂದದ ನಾಗರಾಳ ಮನೆತನದವರ ಹೊಲಗಳು ಹೆಸರಾದದ್ದು ಇಂಥ ಒಡ್ಡಿನ ಬೇಸಾಯದಿಂದಲೇ. ಹಾಸು ಹೂಡದೆ ಲಾಳಿ ಎಸೆಯಲಾಗದೆಂದು ಪಕ್ಕದ ಇಳಕಲ್ಲಿನ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದ ಮಟ್ಟಿಗೆ ಮಾತ್ರ ಅದು ಮರೆತುಹೋಗಿದೆ.

ಬಾಡಿಗೆ ಟ್ರ್ಯಾಕ್ಟರಿನ ಕಡೆಗೂ ಕಣ್ಣಿರಲಿ. ತಿರುವು ಕಡಿಮೆಯಾಗಲೆಂದು ಚಾಲಕ ಉದ್ದುದ್ದ ಹೊಡೆಯುತ್ತಾನೆ. ಆ ಉದ್ದ ಇಳಿಜಾರಿನ ದಿಕ್ಕಿಗಿದ್ದರೆ ಪ್ರತಿ ಸಾಲೂ ಒಂದು ಕಾಲುವೆಯೇ. ಎದುರು ನಿಂತು ಅಡ್ಡ ಹೊಡೆಸಬೇಕು, ಹತ್ತು ರೂಪಾಯಿ ಹೆಚ್ಚು ಕೇಳಿದರೂ ಸರಿಯೆ.

ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಸುತ್ತಲಿನ ಮಸಾರಿ ನೆಲದ ಗುಣವೇ ಬೇರೆ. ಅಲ್ಲಿ ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಮುಂಗಾರಿಗೆ ಸಜ್ಜೆ, ಶೇಂಗಾ, ಹೆಸರು ಹಾಕುವುದೇ ಕ್ಷೇಮ. ತಿಪ್ಪೆಗೊಬ್ಬರ ಎಷ್ಟು ಹಾಕಿದರೂ ತಿನ್ನುವ ಮಣ್ಣು ಅದು. ಕೊಳ್ಳುವವರಂತೂ ಉತಾರದಲ್ಲಿ ಹೆಸರು ನೋಡಿದಷ್ಟೇ ಕಾಳಜಿಯಿಂದ ಹೊಲಕ್ಕೆ ಗಾಡಿದಾರಿ ಇದೆಯೇ ಎಂದೂ ನೋಡಬೇಕು. ದಾರಿಯ ಜಗಳ ಬರಗಾಲಕ್ಕಿಂತ ದೀರ್ಘ.

ದಾಳಿಂಬೆಯ ಆಸೆ ಬಹಳ ಜನಕ್ಕಿದೆ. 2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆ ವಿಶ್ವವಿದ್ಯಾಲಯ ಬಂದಿರುವುದರಿಂದ ಕೇಳಲು ಜಾಗವೂ ಇದೆ. ಆದರೆ ಈ ಶತಮಾನದ ಮೊದಲ ದಶಕದಲ್ಲಿ ದುಂಡಾಣು ಅಂಗಮಾರಿ ಈ ಭಾಗದ ತೋಟಗಳನ್ನು ಹೇಗೆ ಸುಟ್ಟಿತೆಂಬುದನ್ನು, ಸಾಲ ಮಾಡಿ ಗಿಡ ಕಿತ್ತವರನ್ನು ಕೇಳಿ ತಿಳಿದ ಮೇಲೆಯೇ ಸಸಿಗೆ ಹೋಗುವುದು ಒಳಿತು. ಮೊದಲ ವರ್ಷಕ್ಕೆ ಅದು ತಕ್ಕ ಬೆಳೆಯಲ್ಲ.

ಎರೆ ಹೊಲವಾದರೆ ಮೊದಲ ವರ್ಷಕ್ಕೆ ಹಿಂಗಾರಿ ಜೋಳ, ಒಂದಿಷ್ಟು ಕಡಲೆ, ನಡುವೆ ಕುಸುಬೆಯ ಅಕ್ಕಡಿ ಸಾಕು. ಬದುವಿನ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಮುಂಗಾರಿನಲ್ಲಿ ಖಾಲಿ ಬಿದ್ದ ನೆಲಕ್ಕೆ ಹತ್ತು-ಹದಿನೈದು ಅಡಿಯ ಚೌಕು ಮಡಿ ಮಾಡಿ, ಬಿದ್ದ ಹನಿಯನ್ನು ಬಿದ್ದಲ್ಲೇ ಹಿಡಿಯಬೇಕು. ಸೆಪ್ಟೆಂಬರ್-ಅಕ್ಟೋಬರದಲ್ಲಿ ಕೂರಿಗೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೂ ಜೋಳ ಒಳಗಿನ ಹಸಿಯಲ್ಲೇ ಬೆಳೆಯುತ್ತದೆ, ಎಡೆ ತಪ್ಪಿಸದಿದ್ದರೆ. ನೆಲ ಬಿರಿಯಲು ಶುರುವಾದಾಗ ಎಡೆಕುಂಟೆ ಹೊಡೆದರೆ ಬಿರುಕು ಮುಚ್ಚಿ ಹಸಿ ಉಳಿಯುತ್ತದೆ. ಕಳೆ ಇಲ್ಲವೆಂದು ಆ ಕೊನೆಯ ಎಡೆಯನ್ನು ಬಿಡುವವರೇ ಹೆಚ್ಚು.