ಹನ್ನೆರಡನೆಯ ಜಿಲ್ಲೆಯಿಂದ ಓದಿದರೆ

‘ಕಾದಂಬರಿಯ ಮುಂದೆ ಸಿನಿಮಾ ಏನೇನೂ ಅಲ್ಲ ಬಿಡಿ’ ಎನ್ನುವ ಮಾತು ನಮ್ಮ ಸಾಹಿತ್ಯಾಸಕ್ತರ ನಡುವೆ ಒಂದು ಗುರುತಿನ ಚೀಟಿಯಾಗಿದೆ. ಅದನ್ನು ತೋರಿಸಿದವರಿಗೆ ಒಳಮನೆಗೆ ಪ್ರವೇಶ, ತೋರಿಸದವರು ಪಡಸಾಲೆಯಲ್ಲೇ ಕೂರಬೇಕು. 1972ರಲ್ಲಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಮಾಡಿದಾಗ ಅದು ತರಾಸು ಅವರಿಗೆ ಹಿಡಿಸಲಿಲ್ಲ. ಆ ಸಿಟ್ಟಿಗೆ ಅವರಿಗೆ ಹಕ್ಕಿತ್ತು, ರಾಮಾಚಾರಿ ಅವರ ಕೂಸು. ಆದರೆ ಅರ್ಧ ಶತಮಾನದ ನಂತರವೂ ನಾವು ಅದೇ ತಕರಾರನ್ನು ಕಂಡ ಕಂಡ ಸಿನಿಮಾದ ಮೇಲೆ ಹೊರಿಸಿ, ಅದಕ್ಕೆ ವಿಮರ್ಶೆ ಎಂದು ಹೆಸರಿಡುತ್ತೇವೆ. ನನ್ನ ಜಗಳ ಇದರ ಜೊತೆ.

ಜಗಳಕ್ಕೆ ಕಾರಣವಾದದ್ದು ಸುಝಾನ್ ಕಾಲಿನ್ಸ್ ಬರೆದ ‘ದಿ ಹಂಗರ್ ಗೇಮ್ಸ್’. ಕಾದಂಬರಿ ಬಂದದ್ದು 2008ರಲ್ಲಿ. ಗ್ಯಾರಿ ರಾಸ್ ನಿರ್ದೇಶನದ ಸಿನಿಮಾ 2012ರಲ್ಲಿ. ಪ್ಯಾನೆಮ್ ಎಂಬ ದೇಶ. ಅದಕ್ಕೊಂದು ಶ್ರೀಮಂತ ರಾಜಧಾನಿ, ಆ ರಾಜಧಾನಿಗೆ ದುಡಿದು ಹಾಕುವ ಹನ್ನೆರಡು ಜಿಲ್ಲೆಗಳು. ಹಿಂದೊಮ್ಮೆ ದಂಗೆ ಎದ್ದದ್ದಕ್ಕೆ ಶಿಕ್ಷೆಯಾಗಿ ಪ್ರತಿ ಜಿಲ್ಲೆಯೂ ವರ್ಷಕ್ಕೆ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಕಳಿಸಬೇಕು. ಆ ಇಪ್ಪತ್ನಾಲ್ಕು ಮಕ್ಕಳು ಒಬ್ಬರು ಉಳಿಯುವ ತನಕ ಪರಸ್ಪರ ಕೊಲ್ಲಬೇಕು. ಅದನ್ನು ದೇಶವೆಲ್ಲ ಟೀವಿಯಲ್ಲಿ ನೋಡಬೇಕು. ತಂಗಿ ಪ್ರಿಮ್‌ಳ ಚೀಟಿ ಬಂದಾಗ ಅವಳ ಬದಲು ತಾನು ಹೋಗುತ್ತೇನೆಂದು ಮುಂದೆ ಬರುವವಳು ಹನ್ನೆರಡನೆಯ ಜಿಲ್ಲೆಯ ಹದಿನಾರರ ಹುಡುಗಿ ಕ್ಯಾಟ್ನಿಸ್.

ಸಂಶೋಧನೆಯ ನಿಮಿತ್ತ ಶಹಾಪುರ, ಸುರಪುರ, ಯಾದಗಿರಿಯ ಪಿಯು ಮತ್ತು ಪದವಿ ವಿದ್ಯಾರ್ಥಿಗಳ ಜೊತೆ ಈ ಕತೆಯ ಬಗ್ಗೆ ಮಾತಾಡುತ್ತ ಬಂದಿದ್ದೇನೆ. ವಿಚಾರ ಸಂಕಿರಣಗಳಲ್ಲಿ ನನ್ನ ಓರಗೆಯವರ, ಹಿರಿಯರ ಅಭಿಪ್ರಾಯವನ್ನೂ ಕೇಳಿದ್ದೇನೆ. ಎರಡನೆಯ ಗುಂಪಿನಿಂದ ಮೂರು ಮಾತು ಮತ್ತೆ ಮತ್ತೆ ಬರುತ್ತವೆ. ಒಂದು, ಕಾದಂಬರಿ ಚೆನ್ನ, ಸಿನಿಮಾ ಕೆಡಿಸಿತು. ಎರಡು, ಇದು ಹುಡುಗಾಟಿಕೆಯ ಪ್ರೇಮಕತೆ, ಗಂಭೀರ ಸಾಹಿತ್ಯವಲ್ಲ. ಮೂರು, ಡಿಸ್ಟೋಪಿಯಾ ಎನ್ನುವುದು ಪಶ್ಚಿಮದ ಸರಕು, ನಮ್ಮದಲ್ಲ. ಮೂರೂ ತಪ್ಪು ಎಂದು ನಾನು ವಾದಿಸುತ್ತೇನೆ.

ಮೊದಲನೆಯದನ್ನು ನೋಡೋಣ. ಕಾದಂಬರಿ ಪೂರ್ತಿ ಕ್ಯಾಟ್ನಿಸ್‌ಳ ಬಾಯಿಂದ, ವರ್ತಮಾನ ಕಾಲದಲ್ಲಿ ನಡೆಯುತ್ತದೆ. ಅವಳು ಕಾಣದ್ದು ನಮಗೂ ಕಾಣದು. ಸಿನಿಮಾ ಅವಳ ಒಳಮಾತನ್ನು ಕಳೆದುಕೊಂಡಿತು, ನಿಜ. ಬದಲಿಗೆ ಆಟವನ್ನು ನಿಯಂತ್ರಿಸುವ ಕೋಣೆಯೊಳಕ್ಕೆ ನಮ್ಮನ್ನು ಕರೆದೊಯ್ದಿತು. ಗುಂಡಿ ಒತ್ತಿ ಕಾಡಿಗೆ ಬೆಂಕಿ ಹಚ್ಚುವವರು ಅಲ್ಲಿ ಕಚೇರಿ ನೌಕರರಂತೆ ಕೂತಿರುತ್ತಾರೆ. ರೂ ಎಂಬ ಪುಟ್ಟ ಹುಡುಗಿ ಸತ್ತ ನಂತರದ ಭಾಗವನ್ನು ಹೋಲಿಸಿ. ಪುಸ್ತಕದಲ್ಲಿ ಅವಳ ಹನ್ನೊಂದನೆಯ ಜಿಲ್ಲೆಯ ಬಡವರು ಕ್ಯಾಟ್ನಿಸ್‌ಗೆ ಒಂದು ರೊಟ್ಟಿ ಕಳಿಸುತ್ತಾರೆ. ಸಿನಿಮಾದಲ್ಲಿ ಅದೇ ಜಿಲ್ಲೆಯ ಜನ ಬೀದಿಗಿಳಿದು ದಂಗೆ ಏಳುತ್ತಾರೆ. ರೊಟ್ಟಿ ಹೆಚ್ಚೋ ದಂಗೆ ಹೆಚ್ಚೋ ಎಂದು ಗಂಟೆಗಟ್ಟಲೆ ಚರ್ಚಿಸಬಹುದು, ಅದು ಚರ್ಚಿಸಬೇಕಾದ ಪ್ರಶ್ನೆಯೇ. ‘ಕೆಡಿಸಿತು’ ಎಂದು ಕೈ ತೊಳೆದುಕೊಂಡವರು ಆ ಪ್ರಶ್ನೆಯ ಹತ್ತಿರಕ್ಕೂ ಬರುವುದಿಲ್ಲ.

ಇನ್ನೊಂದು ಮಾತು. ನಮ್ಮ ಭಾಗದ ಹೆಚ್ಚಿನ ಹುಡುಗರು ಈ ಕತೆಯನ್ನು ಮೊದಲು ಕಂಡದ್ದು ಮೊಬೈಲಿನಲ್ಲಿ, ಬೇರೆ ಭಾಷೆಯ ಡಬ್ಬಿಂಗ್‌ನಲ್ಲಿ. ಇಂಗ್ಲಿಷ್ ಕಾದಂಬರಿ ಕೊಂಡು ಓದುವ ಅನುಕೂಲ ಎಲ್ಲ ಮನೆಯಲ್ಲೂ ಇಲ್ಲ. ‘ಪುಸ್ತಕ ಓದದೆ ಮಾತಾಡಬೇಡಿ’ ಎಂದು ಅವರ ಬಾಯಿ ಮುಚ್ಚಿಸುವುದು ಹೆಸರಿಗೆ ಸಾಹಿತ್ಯಪ್ರೀತಿ, ಕೆಲಸದಲ್ಲಿ ಯಜಮಾನಿಕೆ. ಸಿನಿಮಾ ಮಾತ್ರ ನೋಡಿದ ಸುರಪುರದ ಒಬ್ಬ ಹುಡುಗ ನನಗೆ ಹೇಳಿದ: “ಅಕ್ಕಾ, ನಮ್ಮೂರಾಗ ಚೀಟಿ ಎತ್ತಂಗಿಲ್ಲ ನೋಡ್ರಿ. ಮೇಸ್ತ್ರಿ ಬಂದು ಮುಂಗಡ ಕೊಟ್ಟು ಕರ್ಕೊಂಡು ಹೋಗ್ತಾನ.” ಈ ಒಂದು ಮಾತಿನ ತೂಕದ ಪ್ರಬಂಧವನ್ನು ನಾನು ಯಾವ ಸಂಕಿರಣದಲ್ಲೂ ಕೇಳಿಲ್ಲ.

ಅವನಿಗೆ ಗೊತ್ತಿಲ್ಲದ ಸಂಗತಿಯೊಂದು ಪುಸ್ತಕದಲ್ಲಿ ವಿವರವಾಗಿದೆ. ಪ್ಯಾನೆಮ್‌ನಲ್ಲಿ ಹನ್ನೆರಡು ತುಂಬಿದ ಮಗುವಿನ ಹೆಸರು ಒಂದು ಚೀಟಿಯಲ್ಲಿ ಬೀಳುತ್ತದೆ, ವರ್ಷಕ್ಕೊಂದರಂತೆ ಏರುತ್ತದೆ. ಬಡವರಾದರೆ ಹೆಚ್ಚಿನ ಚೀಟಿ ಹಾಕಿಸಿಕೊಳ್ಳಬಹುದು. ಒಂದು ಹೆಚ್ಚಿನ ಚೀಟಿಗೆ ಒಬ್ಬರ ಒಂದು ವರ್ಷದ ಕಾಳು ಮತ್ತು ಎಣ್ಣೆ. ಕ್ಯಾಟ್ನಿಸ್‌ಳ ಹೆಸರು 20 ಚೀಟಿಗಳಲ್ಲಿದೆ, ಅವಳ ಗೆಳೆಯ ಗೇಲ್‌ನ ಹೆಸರು 42ರಲ್ಲಿ. ಅಂದರೆ ಅದೃಷ್ಟದ ಆಟ ಎಂದು ಕರೆದದ್ದು ಹಸಿವಿನ ಲೆಕ್ಕಾಚಾರ. ಗುಳೆ ಹೋಗುವ ಮನೆಯಲ್ಲಿ ಬೆಳೆದ ಹುಡುಗನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮುಂಗಡದ ದುಡ್ಡು, ಅದರ ಬೆನ್ನಿಗೆ ಬರುವ ಬೆಂಗಳೂರಿನ ಕಟ್ಟಡದ ಕೆಲಸ, ಹತ್ತಿ ಬಿಡಿಸುವ ಹೊತ್ತಿಗೆ ಖಾಲಿಯಾಗುವ ಶಾಲೆಯ ಬೆಂಚು ಇವೆಲ್ಲ ಅವನು ಕಂಡದ್ದೇ.

ಎರಡನೆಯ ಮಾತು ಪ್ರೇಮಕತೆಯದು. ಕ್ಯಾಟ್ನಿಸ್ ಪೀಟಾನನ್ನು ಮೆಚ್ಚಬೇಕೋ ಗೇಲ್‌ನನ್ನೋ ಎಂದು ಜಗತ್ತಿನ ಓದುಗರು ಪಕ್ಷ ಕಟ್ಟಿದರು. ಕಾದಂಬರಿಯೊಳಗೆ ಹೀಗೆ ಪಕ್ಷ ಕಟ್ಟುವವರು ಯಾರು? ರಾಜಧಾನಿಯ ಪ್ರೇಕ್ಷಕರು. ಅವರಿಗೆ ಪ್ರೇಮ ಬೇಕು. ಪ್ರೇಮ ತೋರಿಸಿದರೆ ಪ್ರಾಯೋಜಕರು ಔಷಧ, ಗಂಜಿ ಕಳಿಸುತ್ತಾರೆ. ಅದಕ್ಕೇ ಅವಳು ಮುತ್ತಿಡುತ್ತಾಳೆ. ಪುಸ್ತಕವನ್ನು ಪ್ರೇಮಕತೆಯೆಂದು ಕೊಂಡಾಡುವವರೂ ಪ್ರೇಮಕತೆಯೆಂದು ತಿರಸ್ಕರಿಸುವವರೂ ಒಂದೇ ಗ್ಯಾಲರಿಯಲ್ಲಿ ಕೂತಿದ್ದಾರೆ. ಚಿತ್ರೋದ್ಯಮವೂ ಹಿಂದೆ ಬೀಳಲಿಲ್ಲ. 2013ರಲ್ಲಿ ಎರಡನೆಯ ಚಿತ್ರ ಬಂದಾಗ ಅಮೆರಿಕದ ಕವರ್‌ಗರ್ಲ್ ಕಂಪನಿ ರಾಜಧಾನಿಯ ಹೆಸರಿನಲ್ಲೇ ಮೇಕಪ್ ಸಾಮಗ್ರಿ ಮಾರಿತು. ಹಸಿದವರ ಕತೆ ನೋಡಲು ಹೋದವರಿಗೆ ಹೊಟ್ಟೆ ತುಂಬಿದವರ ಬಣ್ಣ!

ರೂ ವಿಷಯದಲ್ಲಿ ಓದುಗರು ಇನ್ನೂ ಕೆಳಗಿಳಿದರು. ಅವಳದು ಕಂದು ಮೈಬಣ್ಣ ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಇದೆ. ಸಿನಿಮಾದಲ್ಲಿ ಅಮಾಂಡ್ಲಾ ಸ್ಟೆನ್‌ಬರ್ಗ್ ಎಂಬ ಕಪ್ಪು ಹುಡುಗಿ ಆ ಪಾತ್ರ ಮಾಡಿದಾಗ ಪುಸ್ತಕ ಓದಿದ ಎಷ್ಟೋ ಜನ ಟ್ವಿಟರ್‌ನಲ್ಲಿ ಕೂಗಾಡಿದರು, ಅವಳ ಸಾವು ತಮ್ಮನ್ನು ಅಷ್ಟಾಗಿ ಕಲಕಲಿಲ್ಲ ಎಂದೂ ಬರೆದರು. ಓದುವಾಗ ಅವರು ಅಕ್ಷರವನ್ನು ದಾಟಿ ತಮ್ಮ ಮನೆಯ ಬಣ್ಣವನ್ನೇ ಕಂಡಿದ್ದರು. ಇಲ್ಲಿ ಪುಸ್ತಕಕ್ಕೆ ನಿಷ್ಠವಾಗಿದ್ದದ್ದು ಸಿನಿಮಾ. ನಿಷ್ಠೆ ತಪ್ಪಿದವರು ಓದುಗರು. ‘ಓದುಗರು ಮೇಲು, ನೋಡುಗರು ಕೀಳು’ ಎನ್ನುವವರು ಇದಕ್ಕೆ ಉತ್ತರ ಕೊಡಲಿ.

ಮೂರನೆಯದು, ‘ನಮ್ಮದಲ್ಲ’ ಎಂಬ ಮಾತು. ಕಾಲಿನ್ಸ್ ತಮ್ಮ ಕತೆಯ ಬೇರು ಗ್ರೀಕ್ ಪುರಾಣದಲ್ಲಿದೆ ಎಂದಿದ್ದಾರೆ. ಅಥೆನ್ಸ್ ನಗರ ಏಳು ಹುಡುಗರು, ಏಳು ಹುಡುಗಿಯರನ್ನು ಮಿನೋಟಾರ್ ಎಂಬ ಗೂಳಿಮೋರೆಯ ರಾಕ್ಷಸನಿಗೆ ಕಳಿಸುತ್ತಿದ್ದ ಕತೆ ಅದು. ನಮಗೆ ಗ್ರೀಸಿನ ತನಕ ಹೋಗುವ ಅಗತ್ಯವಿಲ್ಲ. ಏಕಚಕ್ರ ನಗರದಲ್ಲಿ ಬಕಾಸುರನಿಗೆ ಬಂಡಿ ಅನ್ನದ ಜೊತೆ ಮನೆಗೊಬ್ಬರಂತೆ ಸರದಿ ಇತ್ತು. ಊರು ಆ ಸರದಿಗೆ ಒಗ್ಗಿಕೊಂಡು ಬದುಕಿತ್ತು. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಶಾಲೆಯಲ್ಲಿ ತ್ಯಾಗಮಯಿ ಎಂದು ಕಲಿತೆವು. ನೀರು ಬೀಳದ ಕೆರೆಗೆ ಯಾರನ್ನು ಕೊಡುವುದೆಂದು ಮನೆಯ ಹಿರಿಯರು ಲೆಕ್ಕ ಹಾಕಿದಾಗ, ಕೊನೆಗೆ ಕಿರಿಸೊಸೆಯ ಹೆಸರೇ ಏಕೆ ಬಂತು ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ. ಕುಂವೀ ಅವರ ಕತೆ ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’ ಇದೆಯಲ್ಲ? ದಲಿತ ಹುಡುಗನೊಬ್ಬ ಓದಬೇಕೆಂದರೆ ಊರಿಗೆ ಊರೇ ಅಡ್ಡ ನಿಲ್ಲುವ ಕತೆಗೆ ಡಿಸ್ಟೋಪಿಯಾ ಎಂಬ ಹೆಸರು ಸಲ್ಲದೆ? ಅಮೆರಿಕದವರು ನಾಳೆಯಲ್ಲಿಟ್ಟು ಹೆದರುವುದನ್ನು ನಾವು ನಿನ್ನೆಯಲ್ಲೇ ಕಂಡಿದ್ದೇವೆ.

ಇಂದೂ ಕಾಣುತ್ತಿದ್ದೇವೆ. 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾದ ನಮ್ಮ ಜಿಲ್ಲೆ 2018ರಲ್ಲಿ ನೀತಿ ಆಯೋಗದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿ ಸೇರಿತು. ಹಿಂದುಳಿದ ಜಿಲ್ಲೆಗಳ ನಡುವೆ ತಿಂಗಳು ತಿಂಗಳು ರ‍್ಯಾಂಕ್ ಹಚ್ಚಿ ಸ್ಪರ್ಧೆಗಿಳಿಸುವುದು ಆ ಯೋಜನೆಯ ಘೋಷಿತ ವಿಧಾನಗಳಲ್ಲೊಂದು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶದಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ. ಮರುದಿನದಿಂದ ರಾಜ್ಯಕ್ಕೆಲ್ಲ ನಾವು ತಮಾಷೆಯಾದೆವು.

ಪರೀಕ್ಷೆಯನ್ನೂ ಕೊಲೆಯ ಆಟವನ್ನೂ ಹೋಲಿಸುವುದು ಅತಿಯಾಯಿತು ಎಂದು ನೀವು ಹೇಳಬಹುದು. ನಕಲು ನಿಲ್ಲಬೇಕು ಎನ್ನುವುದರಲ್ಲಿ ನನಗೂ ತಕರಾರಿಲ್ಲ. ನಾನು ಹೋಲಿಸುತ್ತಿರುವುದು ರಕ್ತವನ್ನಲ್ಲ, ಏರ್ಪಾಡನ್ನು. ಹಸಿದ ಮಕ್ಕಳನ್ನೂ ಉಂಡ ಮಕ್ಕಳನ್ನೂ ಒಂದೇ ಅಖಾಡಕ್ಕೆ ಬಿಡುವುದು, ಮೇಲಿಂದ ಕ್ಯಾಮೆರಾ ಇಡುವುದು, ಸೋತವರ ಪಟ್ಟಿ ಓದಿ ಸೋಲು ಅವರದೇ ಎನ್ನುವುದು. ಗಣಿತದ ಮೇಷ್ಟ್ರೇ ಇಲ್ಲದ ಶಾಲೆಯಲ್ಲಿ ಕ್ಯಾಮೆರಾ ಕಾಣುವುದು ಬಗ್ಗಿದ ತಲೆಯನ್ನು ಮಾತ್ರ. ಖಾಲಿ ಕುರ್ಚಿ ಅದರ ಚೌಕಟ್ಟಿಗೆ ಬರುವುದಿಲ್ಲ.

ಹಾಗಾದರೆ ಓದುಗರ ಅಭಿಪ್ರಾಯಕ್ಕೆ ಬೆಲೆ ಯಾವಾಗ? 2014ರ ಮೇ ತಿಂಗಳಲ್ಲಿ ಥಾಯ್ಲೆಂಡಿನ ಸೈನ್ಯ ಅಧಿಕಾರ ಹಿಡಿದಾಗ ಅಲ್ಲಿನ ಯುವಜನ ಈ ಸಿನಿಮಾದ ಮೂರು ಬೆರಳ ವಂದನೆಯನ್ನು ಪ್ರತಿಭಟನೆಯ ಗುರುತಾಗಿಸಿದರು. ಆ ನವೆಂಬರಿನಲ್ಲಿ ಪ್ರಧಾನಿಯ ಎದುರು ಬೆರಳೆತ್ತಿದ ವಿದ್ಯಾರ್ಥಿಗಳನ್ನು ಹಿಡಿದೊಯ್ದರು. ಬ್ಯಾಂಕಾಕಿನಲ್ಲಿ ಚಿತ್ರಮಂದಿರಗಳು ಪ್ರದರ್ಶನ ರದ್ದು ಮಾಡಿದವು. 2021ರಲ್ಲಿ ಮ್ಯಾನ್ಮಾರಿನ ಬೀದಿಗಳಲ್ಲಿ ಅದೇ ಬೆರಳು ಮತ್ತೆ ಎದ್ದವು. ಅವರಲ್ಲಿ ಪುಸ್ತಕ ಓದಿದವರೆಷ್ಟು, ಸಿನಿಮಾ ನೋಡಿದವರೆಷ್ಟು ಎಂದು ಯಾರೂ ಎಣಿಸಲಿಲ್ಲ. ಅವರು ಕತೆಯನ್ನು ಜಿಲ್ಲೆಗಳ ಕಡೆಯಿಂದ ಓದಿದ್ದರು.

ನನ್ನ ಕೋರಿಕೆ ದೊಡ್ಡದೇನಲ್ಲ. ಕನ್ನಡ ವಿಭಾಗಗಳು ಹದಿಹರೆಯದವರ ಕತೆಗಳನ್ನು, ಅವರು ನೋಡುವ ಸಿನಿಮಾಗಳನ್ನು ‘ಹಗುರ’ ಎಂದು ತಳ್ಳುವುದನ್ನು ಬಿಡಲಿ. ಲೇಖಕರು ಹದಿನಾರರ ಓದುಗರಿಗಾಗಿ, ನೀತಿಪಾಠದ ದನಿ ಬಿಟ್ಟು ಬರೆಯಲಿ. ಭೀಮೆ ಕೃಷ್ಣೆಯರ ನಡುವಿನ ಹಳ್ಳಿಗಳಲ್ಲಿ ಅವರಿಗೆ ವಸ್ತುವಿನ ಬರವಿಲ್ಲ. ಮುಂದಿನ ಸಂಕಿರಣದಲ್ಲಿ ಯಾರಾದರೂ ‘ಕಾದಂಬರಿಯ ಮುಂದೆ ಸಿನಿಮಾ ಏನೇನೂ ಅಲ್ಲ’ ಎಂದು ಶುರುಮಾಡಿದರೆ ಸಭೆಯಲ್ಲಿರುವ ವಿದ್ಯಾರ್ಥಿಗಳು ಎದ್ದು ನಿಂತು ಕೇಳಲಿ: ಅದಿರಲಿ, ನಿಮ್ಮ ಚೀಟಿ ಎಷ್ಟಿದ್ದವು?