ಬಚ್ಚಲ ನೀರು, ಹಿತ್ತಲ ಗಿಡ

ಬೇಸಿಗೆ ಬಲಿತು ನೀರಿನ ಲಾರಿಗಳು ಬೀದಿಗಿಳಿದವೆಂದರೆ, ನಮ್ಮ ನಗರಗಳ ವಸತಿ ಸಮುಚ್ಚಯಗಳಲ್ಲಿ ತಪ್ಪದೆ ಒಂದು ಠರಾವು ಹೊರಡುತ್ತದೆ: ಇಂದಿನಿಂದ ಗಿಡಗಳಿಗೆ ನೀರು ಹಾಕುವಂತಿಲ್ಲ. ಇದರ ಹಿಂದಿರುವ ನೈತಿಕ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಮೂರನೆಯ ಮಹಡಿಯವರು ಪ್ಲಾಸ್ಟಿಕ್ ಕೊಡಗಳನ್ನು ಹೊತ್ತು ಮೆಟ್ಟಿಲು ಹತ್ತುತ್ತಿರುವಾಗ ನೆಲಮಹಡಿಯವರ ಹಿತ್ತಲಲ್ಲಿ ಬದನೆಯ ಗಿಡ ಹಸಿರಾಗಿ ನಿಂತಿರುವುದು ನ್ಯಾಯವೇ? ನೆಲಮಹಡಿಯ ಹಿತ್ತಲುಳ್ಳ ಸರ್ಕಾರಿ ವಸತಿಗೃಹದಲ್ಲಿ ವಾಸಿಸುವ ನಾನು ಈ ಪ್ರಶ್ನೆಯನ್ನು ಎದುರಿಸಿದ್ದೇನೆ. ಕೇಳಿದವರ ಮೇಲೆ ನನಗೆ ಮುನಿಸಿಲ್ಲ. ಆದರೆ ಅದಕ್ಕೆ ಸಿಗುತ್ತಿರುವ ಉತ್ತರ ತಪ್ಪೆಂಬುದು ನನ್ನ ಖಚಿತವಾದ ಅಭಿಪ್ರಾಯ. ಬರಗಾಲದಲ್ಲಿ ನಿಷೇಧಿಸಬೇಕಾದದ್ದು ಗಿಡಕ್ಕೆ ಹರಿಯುವ ನಲ್ಲಿಯ ನೀರನ್ನು, ಗಿಡವನ್ನಲ್ಲ.

ಚೆನ್ನೈನಲ್ಲಿ 2019ರ ಬೇಸಿಗೆಯನ್ನು ಕಳೆದವರಿಗೆ ಬರ ಎಂದರೇನೆಂದು ವಿವರಿಸಬೇಕಾಗಿಲ್ಲ. ಹಿಂದಿನ ವರ್ಷದ ಈಶಾನ್ಯ ಮಾರುತ ಕೈಕೊಟ್ಟಿತ್ತು. ಜೂನ್ ತಿಂಗಳ ಹೊತ್ತಿಗೆ ನಗರಕ್ಕೆ ನೀರುಣಿಸುವ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ಬಹುಮಟ್ಟಿಗೆ ಬರಿದಾಗಿ ತಳದ ಮಣ್ಣು ಬಿರುಕು ಬಿಟ್ಟಿತ್ತು. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳ ರೈಲು ಸುಮಾರು 25 ಲಕ್ಷ ಲೀಟರ್ ನೀರು ಹೊತ್ತು ವಿಲ್ಲಿವಾಕ್ಕಂಗೆ ಬಂತು. ಆ ನೀರು ಕಾವೇರಿಯದು. ಹಾಗೆಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ರೈಲಿನಲ್ಲಿ ಬಂದ ನೀರನ್ನು ಬದನೆಯ ಬುಡಕ್ಕೆ ಸುರಿಯುವ ಹಕ್ಕು ಯಾರಿಗೂ ಇಲ್ಲ. ಇಷ್ಟರಮಟ್ಟಿಗೆ ಠರಾವು ಮಾಡುವವರೂ ನಾನೂ ಒಂದೇ ಪಕ್ಷ.

ಬರವನ್ನು ಎದುರಿಸಿದ ಬೇರೆ ನಗರಗಳೂ ಈ ಗೆರೆಯನ್ನು ಇಲ್ಲಿಯೇ ಎಳೆದಿವೆ. ದಕ್ಷಿಣ ಆಫ್ರಿಕದ ಕೇಪ್ ಟೌನ್ 2018ರ ಫೆಬ್ರವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಹಾಕಿತು. ಕೊಳಾಯಿಯ ನೀರನ್ನು ತೋಟಕ್ಕೆ ಬಿಡಬಾರದೆಂದಿತು. ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಮತ್ತೆ ಬಳಸಿರೆಂದು ಜನರಿಗೆ ಹೇಳಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ ಮೇಲೆ, 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲೂ ಬಳಸಿದರೆ 5000 ರೂಪಾಯಿ ದಂಡವೆಂದು ಸಾರಿತು. ಎರಡೂ ಕಡೆ ನಿಯಮ ಹೇಳಿದ್ದು ಕುಡಿಯುವ ನೀರಿನ ಬಗ್ಗೆ. ಆ ನಿಯಮ ನಮ್ಮ ಸಮುಚ್ಚಯಗಳ ಸೂಚನಾ ಫಲಕಕ್ಕೆ ಬರುವಷ್ಟರಲ್ಲಿ ಗಿಡವೇ ಅಪರಾಧಿಯಾಗಿಬಿಟ್ಟಿರುತ್ತದೆ.

ಈ ಗೊಂದಲಕ್ಕೆ ಕಾರಣ ತೋಟವೆಂಬ ಪದದ ಬಗ್ಗೆ ನಮಗಿರುವ ಕಲ್ಪನೆ. ಇಂಗ್ಲಿಷ್ ಸಾಹಿತ್ಯವನ್ನು ಓದಿ ಬೆಳೆದ ನನ್ನಂಥವರಿಗೆ ತೋಟವೆಂದರೆ ಮನೆಯ ಮುಂದಿನ ಹುಲ್ಲುಹಾಸು, ಅಂಚಿನಲ್ಲಿ ಹೂವಿನ ಪಾತಿ. ಮಳೆ ವರ್ಷವಿಡೀ ಹನಿಯುವ ನಾಡಿನಲ್ಲಿ ಹುಟ್ಟಿದ ಆ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆಂಬ ಚಿಂತೆಯಿಲ್ಲ. ನಮ್ಮ ಸರ್ಕಾರಿ ವಸತಿಗಳಿಗೂ ಅದು ಬ್ರಿಟಿಷರ ಕಾಲದಿಂದ ಬಳುವಳಿಯಾಗಿ ಬಂದಿದೆ. ಆದರೆ ಹಿತ್ತಲು ಬೇರೆಯೇ ವಸ್ತು. ಅದು ಮನೆಯ ಹಿಂದಿರುತ್ತದೆ, ಯಾರಿಗೂ ತೋರಿಸಲಿಕ್ಕಲ್ಲ, ಮತ್ತು ಅದರ ಹುಟ್ಟು ಬಚ್ಚಲಿನಿಂದ. ಚಳ್ಳಕೆರೆಯ ಕಡೆ ಬೀಳುವ ಮಳೆ ಚೆನ್ನೈನ ಅರ್ಧಕ್ಕಿಂತಲೂ ಕಡಿಮೆ. ಅಲ್ಲಿನ ನನ್ನ ಅಜ್ಜಿಯ ಮನೆಯಲ್ಲಿ ಬಚ್ಚಲ ನೀರು ಗೋಡೆಯ ತೂತಿನಿಂದ ಹೊರಬಂದು ಮೊದಲು ಬಾಳೆಯ ಬುಡಕ್ಕೆ, ಅಲ್ಲಿಂದ ಕೆಸುವಿನ ಮಡಿಗೆ, ಉಳಿದರೆ ನುಗ್ಗೆಗೆ ಹೋಗುತ್ತಿತ್ತು. ಗಿಡಕ್ಕೆಂದು ಬೇರೆ ನೀರು ಸೇದಿದ್ದನ್ನು ನಾನು ಕಂಡಿಲ್ಲ. ಆ ಮನೆಯ ನೀರಿನ ಲೆಕ್ಕದಲ್ಲಿ ಹಿತ್ತಲು ಹೆಚ್ಚುವರಿ ಬಾಯಿಯಾಗಿರಲಿಲ್ಲ. ಒಮ್ಮೆ ದುಡಿದ ನೀರು ಎರಡನೆಯ ಸಲ ದುಡಿಯುವ ಜಾಗವಾಗಿತ್ತು. ಬರದಲ್ಲಿ ಕತ್ತರಿಸಬೇಕಾದದ್ದು ಮುಂದಿನ ಹುಲ್ಲುಹಾಸನ್ನು. ನಾವು ಹುಲ್ಲುಹಾಸನ್ನೂ ಹಿತ್ತಲನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ, ಕೊನೆಗೆ ಹಿತ್ತಲನ್ನು ಮೊದಲು ಒಣಗಿಸುತ್ತೇವೆ.

ಲೆಕ್ಕವನ್ನೇ ನೋಡೋಣ. ನಾಲ್ವರಿರುವ ಮನೆಯಲ್ಲಿ ಒಬ್ಬೊಬ್ಬರು ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಿದರೂ, ಬಕೆಟ್ಟಿಗೆ 15 ಲೀಟರಿನಂತೆ 60 ಲೀಟರ್ ನೀರು ಚರಂಡಿಗೆ ಹೋಗುತ್ತದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು 10 ಲೀಟರಿಗೆ ಕಡಿಮೆಯಿಲ್ಲ. ಶೌಚಾಲಯಕ್ಕೂ ಅದೇ ನೀರು ಬೇಕಲ್ಲವೇ ಎಂದು ಕೇಳಬಹುದು. ಬೇಕು, ಗಿಡಕ್ಕಿಂತ ಮೊದಲು ಬೇಕು. ಅದಕ್ಕೆ ಬಟ್ಟೆ ಒಗೆದ ನೀರಿದೆ. ಡಿಟರ್ಜೆಂಟಿನ ಸೋಡಿಯಂ ಮಣ್ಣನ್ನು ಕೆಡಿಸುವುದರಿಂದ ಆ ನೀರು ಹೇಗೂ ಗಿಡಕ್ಕೆ ಒಗ್ಗದು. ಹೀಗೆ ಹಂಚಿಕೊಂಡರೆ ದಿನಕ್ಕೆ 60–70 ಲೀಟರ್ ಹಿತ್ತಲಿನ ಪಾಲಿಗೆ ಉಳಿಯುತ್ತದೆ. ಒಂದು ನಿಂಬೆ, ಒಂದು ಸೀಬೆ, ಒಂದು ನುಗ್ಗೆ, ಕರಿಬೇವು, ಜೊತೆಗೆ ಚಾಪೆಯಗಲದ ಸೊಪ್ಪಿನ ಮಡಿಯನ್ನು ಬದುಕಿಸಲು ಇಷ್ಟು ಸಾಕು.

ಇದಕ್ಕೆ ಕೆಲವು ಕಟ್ಟುಪಾಡುಗಳುಂಟು. ಸೋಪಿನ ನೀರನ್ನು ಮರಗಳ ಬುಡದ ಮಣ್ಣಿಗೆ ಮಾತ್ರ ಹಾಕಬೇಕು; ಸೊಪ್ಪಿನ ಮಡಿಗೆ ಅಡುಗೆಮನೆಯ ತೊಳೆದ ನೀರೇ ಆಗಬೇಕು. ಬಳಸಿದ ನೀರನ್ನು ಮರುದಿನಕ್ಕೆ ಇಡಬಾರದು. ನಾರುತ್ತದೆ, ಸೊಳ್ಳೆ ಕೂಡುತ್ತದೆ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದು ನೆಲ ಒರೆಸಲು ಸರಿ, ನಿಂಬೆಗೆ ಸಲ್ಲ. ದಿನಕ್ಕೊಮ್ಮೆ ಮೇಲೆ ಮೇಲೆ ಚಿಮುಕಿಸುವುದಕ್ಕಿಂತ ಮೂರು ನಾಲ್ಕು ದಿನಕ್ಕೊಮ್ಮೆ, ಸಂಜೆ, ಬೇರಿಗೆ ಇಳಿಯುವಂತೆ ಕೊಡುವುದು ಮೇಲು. ಬುಡಕ್ಕೆ ಒಣ ಎಲೆ, ತೆಂಗಿನ ನಾರು ನಾಲ್ಕು ಬೆರಳಿನಷ್ಟು ದಪ್ಪ ಹೊದಿಸಿದರೆ ಬಿಸಿಲು ಹೀರುವ ನೀರು ಮಣ್ಣಲ್ಲೇ ಉಳಿಯುತ್ತದೆ. ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ಶುದ್ಧ ನೀರು ತುಂಬಿ ಬಾಯಿ ಮುಚ್ಚಿದರೆ ಅದು ಬೇಕಾದಷ್ಟೇ ಒಸರುತ್ತದೆ. ಚೀನಾದ ಎರಡು ಸಾವಿರ ವರ್ಷಗಳಷ್ಟು ಹಳೆಯ ಕೃಷಿಗ್ರಂಥವೊಂದರಲ್ಲಿಯೂ ಬರುವ ಈ ಉಪಾಯಕ್ಕೆ ನೀರಿನ ಜೊತೆ ಬೇಕಾದದ್ದು ಒಂದು ಮಡಕೆ ಮಾತ್ರ. ಚೆನ್ನೈನಂಥ ಸೆಕೆಯೂರಿನಲ್ಲಿ ಹವಾನಿಯಂತ್ರಕದ ಕೊಳವೆಯಿಂದ ತೊಟ್ಟಿಕ್ಕುವ ನೀರು ಲವಣವಿಲ್ಲದ್ದು; ಅದಕ್ಕೊಂದು ಬಕೆಟ್ ಇಟ್ಟರೆ ಮಡಕೆಯ ಪಾಲು ಅಲ್ಲೇ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಎಲ್ಲವೂ ಉಳಿಯುವುದಿಲ್ಲ. ಬರದಲ್ಲಿ ತೋಟಗಾರಿಕೆಯ ಕಷ್ಟವಿರುವುದು ಇಲ್ಲಿ. ಯಾವುದು ಒಣಗಲಿ ಎಂದು ಯಾರಾದರೂ ತೀರ್ಮಾನಿಸಬೇಕು. ಆ ತೀರ್ಮಾನ ಮಾಡದೆ ಎಲ್ಲಕ್ಕೂ ಒಂದೊಂದು ಚೊಂಬು ಹಂಚುವವರು ದಯಾಳುಗಳಂತೆ ಕಂಡರೂ ಕೊನೆಗೆ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ನನ್ನ ಲೆಕ್ಕ ಸರಳ. ಟೊಮ್ಯಾಟೊ, ಸೌತೆ, ಸೋರೆ ಹೋದರೆ ಹೋಗುವುದು ಒಂದು ಹಂಗಾಮು. ಮಳೆ ಬಂದ ಮೇಲೆ ಬೀಜ ಹಾಕಿದರೆ ಮರಳಿ ಬರುತ್ತವೆ. ನಿಂಬೆ, ಸೀಬೆ ಹೋದರೆ ಹೋಗುವುದು ಹಲವು ವರ್ಷ. ಆದ್ದರಿಂದ ಮೊದಲ ಬಕೆಟ್ ಮರಕ್ಕೆ. ಎರಡನೆಯದು ಹರಿವೆಯಂಥ ಸೊಪ್ಪಿಗೆ. ನಾಲ್ಕು ವಾರದಲ್ಲಿ ಸಾರಿಗೆ ಬರುವ ಅದು ಕುಡಿದ ನೀರಿನ ಋಣವನ್ನು ಬೇಗ ತೀರಿಸುತ್ತದೆ. ಮೂರನೆಯದು ಗೋರಿಕಾಯಿಯಂಥ ಬಿಸಿಲು ತಡೆಯುವ ಗಿಡಕ್ಕೆ. ಉಳಿದವನ್ನು ಒಣಗಲು ಬಿಡಬೇಕು. ಮರದ ಮೇಲಿನ ಹೀಚುಗಳನ್ನೂ ಕೊಂಚ ಕಿತ್ತು ಹಾಕಬೇಕು. ಗೊಬ್ಬರ ನಿಲ್ಲಿಸಬೇಕು, ಏಕೆಂದರೆ ಹೊಸ ಚಿಗುರೆಂದರೆ ಹೊಸ ಬಾಯಾರಿಕೆ.

ಬಾಯಾರಿಕೆಯೆಲ್ಲ ಸಾವಲ್ಲ ಎಂಬುದನ್ನೂ ನೆನಪಿಡಬೇಕು. ಪುಣೆ, ಮುಂಬಯಿಯ ಓದುಗರು ಕೇಳಿರಬಹುದಾದ ‘ಮೃಗ ಬಹಾರ್’, ‘ಆಂಬೆ ಬಹಾರ್’ ಎಂಬ ಮಾತುಗಳು ಕಿತ್ತಳೆ, ದಾಳಿಂಬೆ ತೋಟಗಳವು. ಅಲ್ಲಿನ ರೈತರು ಬೇಕೆಂದೇ ಕೆಲವು ವಾರ ನೀರು ನಿಲ್ಲಿಸಿ ಮರವನ್ನು ಬಾಡಿಸುತ್ತಾರೆ. ಮತ್ತೆ ನೀರು ಕಂಡಾಗ ಅದು ಮೈತುಂಬ ಹೂ ಬಿಡುತ್ತದೆ. ನಿಂಬೆಯದೂ ಅದೇ ಜಾತಿಯ ಸ್ವಭಾವ. ಬರದ ಬೇಸಿಗೆಯಲ್ಲಿ ಎಲೆ ಮುದುರಿ ನಿಂತ ಮರವನ್ನು ಕಂಡು ಗಾಬರಿಯಿಂದ ಕೊಡಗಟ್ಟಲೆ ಸುರಿಯಬೇಕಾಗಿಲ್ಲ. ಜೀವ ಹಿಡಿದುಕೊಳ್ಳುವಷ್ಟು ಕೊಟ್ಟರೆ ಸಾಕು.

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕಿದೆ: ನಾವು ತಂದ ಪಂಚಾಂಗ ಇಲ್ಲಿನ ಆಕಾಶಕ್ಕೆ ಹೊಂದುವುದಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ನಮ್ಮ ನಾಲಗೆಯ ಮೇಲಿದೆ. ಭರಣಿಯ ಕೊನೆ ಮತ್ತು ಕೃತ್ತಿಕೆಯ ಅದೇ ದಿನಗಳನ್ನು ತಮಿಳರು ಅಗ್ನಿ ನಕ್ಷತ್ರವೆಂದು ಕರೆಯುತ್ತಾರೆ. ಮೇ ತಿಂಗಳ ಆ ಬಿಸಿಲಿಗೆ ಬೀಜ ಹಾಕಿದರೆ ಹುರಿದಂತೆ. ಇಲ್ಲಿ ವರ್ಷದ ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕೂ ಹೆಚ್ಚು ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಬಿತ್ತನೆಯನ್ನು ಅದಕ್ಕೆ ಹೊಂದಿಸಿಕೊಂಡರೆ ಬೇಸಿಗೆಯ ನೀರಿನ ಬೇಡಿಕೆಯ ಬಹುಪಾಲು ತಾನೇ ಇಲ್ಲವಾಗುತ್ತದೆ. ಇರುವ ಊರಿನ ಮಳೆಯನ್ನು ಕಲಿಯುವುದೂ ಆ ಊರಿನ ಭಾಷೆಯನ್ನು ಕಲಿತಂತೆಯೇ.

ಆ ಮಳೆ ಬಂದಾಗ ಅದನ್ನು ಹಿಡಿಯಲು ಏನಿರಬೇಕೆಂಬುದು ನನ್ನ ವಾದದ ಮುಖ್ಯ ಭಾಗ. ಬರ ಬಂತೆಂದು ಗಿಡ ಒಣಗಿಸಿದ ಮೇಲೆ ಬಹಳ ಮನೆಗಳಲ್ಲಿ ಮುಂದಿನ ಹೆಜ್ಜೆ ಸಿಮೆಂಟು. ಧೂಳು, ಇರುವೆ, ಕಸ ಯಾವುದೂ ಬೇಡವೆಂದು ಹಿತ್ತಲಿಗೆ ಕಾಂಕ್ರೀಟು ಬಳಿಸುತ್ತಾರೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 50 ಚದರ ಮೀಟರಿನ ಹಿತ್ತಲಲ್ಲಿ 20 ಮಿಲಿಮೀಟರಿನ ಒಂದು ಹದಮಳೆ ಸುರಿದರೆ 1000 ಲೀಟರ್. ಬೇರು, ಎರೆಹುಳ, ಎಲೆಗೊಬ್ಬರ ಇರುವ ಮಣ್ಣು ಅದರಲ್ಲಿ ಹೆಚ್ಚಿನದನ್ನು ಕುಡಿಯುತ್ತದೆ. ಕಾಂಕ್ರೀಟು ಅಷ್ಟನ್ನೂ ಬೀದಿಗೆ ತಳ್ಳುತ್ತದೆ. ತಮಿಳುನಾಡು 2003ರಲ್ಲೇ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಆದರೂ 2015ರ ಡಿಸೆಂಬರಿನಲ್ಲಿ ಮುಳುಗಿದ ಊರು 2019ರ ಜೂನಿನಲ್ಲಿ ಬಾಯಾರಿತು. ನೆರೆಗೂ ಬರಕ್ಕೂ ದೊಡ್ಡ ಕಾರಣಗಳು ಬೇರೆಯಿವೆ: ಮುಚ್ಚಿಹೋದ ಕೆರೆಗಳು, ಒತ್ತುವರಿಯಾದ ಜೌಗು ಪ್ರದೇಶಗಳು. ನನ್ನ ಹಿತ್ತಲು ಅವಕ್ಕೆ ಪರಿಹಾರವೆಂಬ ಭ್ರಮೆ ನನಗಿಲ್ಲ. ಆದರೆ ನೀರು ಇಂಗುವ ನೆಲವನ್ನು ಒಂದೊಂದೇ ಮನೆ ಮುಚ್ಚುತ್ತ ಬಂದದ್ದರಿಂದಲೂ ಊರು ಹೀಗಾಗಿದೆ. ಮಣ್ಣನ್ನು ಬರಿದೇ ಬಿಟ್ಟರೆ ಅದು ಗಟ್ಟಿಕಟ್ಟುತ್ತದೆ. ಅದನ್ನು ಮೆತ್ತಗೆ, ಬಾಯ್ತೆರೆದು ಇಟ್ಟಿರುವುದು ಬರದ ತಿಂಗಳುಗಳಲ್ಲೂ ಜೀವ ಹಿಡಿದ ಆ ನಾಲ್ಕು ಗಿಡಗಳ ಬೇರುಗಳೇ.

ಇನ್ನು ನನ್ನಂಥ ವರ್ಗಾವಣೆಯ ನೌಕರರಿಗೆ ಸಹೋದ್ಯೋಗಿಗಳು ಹೇಳುವ ಮಾತು: ಎರಡು ಮೂರು ವರ್ಷಕ್ಕೆ ಬಿಟ್ಟು ಹೋಗುವ ಮನೆ, ಹಣ್ಣಿನ ಮರಕ್ಕೆ ಇಷ್ಟು ಪಾಡು ಯಾಕೆ, ಸರ್? ಈ ಮಾತಿನಲ್ಲಿ ತರ್ಕವಿದೆ. ಆದರೆ ನಾನು ಇಲ್ಲಿಗೆ ಬಂದಾಗ ಹಿತ್ತಲಲ್ಲಿ ಸೀಬೆ ಮರವಿತ್ತು. ನೆಟ್ಟವರ ಹೆಸರು ನನಗೆ ಗೊತ್ತಿಲ್ಲ. ಅವರೂ ಯಾವುದೋ ಆದೇಶ ಹಿಡಿದು ಯಾವುದೋ ಊರಿಗೆ ಹೋಗಿರಬೇಕು. ಅದರ ಹಣ್ಣನ್ನು ನನ್ನ ಮಕ್ಕಳು ತಿಂದಿದ್ದಾರೆ, ಮೂರನೆಯ ಮಹಡಿಯ ಮಕ್ಕಳೂ ತಿಂದಿದ್ದಾರೆ. ಅದನ್ನು ಒಂದು ಬೇಸಿಗೆಯಲ್ಲಿ ನನ್ನ ಪಾಳಿಯಲ್ಲಿ ಒಣಗಲು ಬಿಟ್ಟರೆ, ಬಂದದ್ದನ್ನು ಮುಂದಿನವರಿಗೆ ದಾಟಿಸಲಾರದೆ ಹೋದಂತೆ. ಊರು ಬಿಟ್ಟು ಊರಿನಲ್ಲಿ ಬದುಕುವ ನಮಗೆ ನೆಲದ ಮೇಲೆ ಒಡೆತನವಿಲ್ಲದಿರಬಹುದು, ಹೊಣೆಯಿಲ್ಲವೆಂದಲ್ಲ.

ಆದ್ದರಿಂದ ವಸತಿ ಸಂಘಗಳಿಗೆ ನನ್ನ ಸಲಹೆ ಮೂರು. ಠರಾವಿನಲ್ಲಿ ಗಿಡಗಳಿಗೆ ನೀರಿಲ್ಲ ಎಂಬುದರ ಬದಲು, ಗಿಡಗಳಿಗೆ ನಲ್ಲಿಯ, ಬೋರ್‌ವೆಲ್ಲಿನ, ಲಾರಿಯ ನೀರಿಲ್ಲ ಎಂದು ಬರೆಯಿರಿ. ಪೈಪು ಹಿಡಿದವರಿಗೆ ದಂಡ ಹಾಕಿ, ಬಕೆಟ್ ಹೊತ್ತವರನ್ನು ಬಿಡಿ. ಬಚ್ಚಲ ನೀರನ್ನು ಶೌಚದ ಕೊಳವೆಯಿಂದ ಬೇರ್ಪಡಿಸುವ ಒಂದು ಸಣ್ಣ ಬದಲಾವಣೆಯನ್ನು ಮುಂದಿನ ದುರಸ್ತಿಯಲ್ಲಾದರೂ ಸೇರಿಸಿ. ಈಗ ಎರಡೂ ಒಂದೇ ಕೊಳವೆಗೆ ಸೇರುವುದರಿಂದಲೇ ಬಾಗಿ ಬಾಗಿ ಬಕೆಟ್ ತುಂಬಬೇಕಾಗಿದೆ, ವಯಸ್ಸಾದವರಿಗೆ ಅದು ಸಾಧ್ಯವಿಲ್ಲ. ಮೂರನೆಯದಾಗಿ, ಮೇಲಿನ ಮಹಡಿಯವರ ಬಚ್ಚಲ ನೀರೂ ಕೆಳಗಿನ ಹಿತ್ತಲಿಗೆ ಇಳಿಯಲಿ. ಅವರ ನೀರು ಕುಡಿದ ಗಿಡದ ಸೊಪ್ಪಿನಲ್ಲಿ, ಕಾಯಿಯಲ್ಲಿ ಅವರಿಗೂ ಪಾಲಿರಲಿ. ಕೊಡ ಹೊತ್ತು ಮೆಟ್ಟಿಲು ಹತ್ತುವವರ ಪ್ರಶ್ನೆಗೆ ನ್ಯಾಯವಾದ ಉತ್ತರ ಕೊಡಬಲ್ಲದ್ದು ಈ ಮೂರನೆಯದೇ. ಒಣಗಿದ ಹಿತ್ತಲಿನಿಂದ ಅವರ ಕೊಡಕ್ಕೆ ಒಂದು ಹನಿಯೂ ಹೆಚ್ಚುವುದಿಲ್ಲ. ಹಸಿರಾದ ಹಿತ್ತಲಿನಿಂದ ಅವರ ಅಡುಗೆಗೆ ಒಂದು ಕಟ್ಟು ಸೊಪ್ಪಾದರೂ ಸಿಗುತ್ತದೆ.